ಫಲಾಫೆಲ್‌ಗೆ ಕಡಲೆ ಬೇಯಿಸಬೇಡಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇತ್ತೀಚೆಗೆ ಒಂದು ಪ್ರಶ್ನೆ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ. ಹೋಟೆಲಿನಲ್ಲೋ, ಗಲ್ಫ್‌ನಲ್ಲಿರುವ ಮಗನ ಮನೆಯಲ್ಲೋ ಫಲಾಫೆಲ್ ತಿಂದು ರುಚಿ ಹತ್ತಿಸಿಕೊಂಡವರು ಮನೆಯಲ್ಲೇ ಮಾಡಲು ಹೊರಟಿದ್ದಾರೆ. ಕಾಬೂಲ್ ಕಡಲೆ ನೆನೆಸಿ, ಕುಕ್ಕರಿನಲ್ಲಿ ಕೂಗಿಸಿ, ಮಸಾಲೆ ಬೆರೆಸಿ, ಉಂಡೆ ಕಟ್ಟಿ ಎಣ್ಣೆಗೆ ಬಿಟ್ಟಿದ್ದಾರೆ. ಉಂಡೆ ಎಣ್ಣೆಯಲ್ಲಿ ಒಡೆದು ಪುಡಿಪುಡಿಯಾಗಿದೆ. ಮುಂದಿನ ಸಲ ಮೈದಾ, ಕಾರ್ನ್‌ಫ್ಲೋರ್, ಬ್ರೆಡ್ ಪುಡಿ ಸುರಿದು ಬಿಗಿ ಮಾಡಿದ್ದಾರೆ. ಒಡೆಯಲಿಲ್ಲ, ಆದರೆ ಒಳಗೆಲ್ಲ ಹಿಟ್ಟುಹಿಟ್ಟು, ಹೊರಗೆ ಮೆತ್ತಗೆ. "ಗರಿಗರಿಯಾಗಲು ಏನು ಹಾಕಬೇಕು?" ಎಂಬುದು ಬಹುತೇಕ ಎಲ್ಲ ಪತ್ರಗಳ ಕೊನೆಯ ಸಾಲು.

ಹೊಸದಾಗಿ ಏನನ್ನೂ ಹಾಕಬೇಕಿಲ್ಲ. ಒಂದು ಕೆಲಸವನ್ನು ಬಿಡಬೇಕು. ಫಲಾಫೆಲ್‌ಗೆ ಕಡಲೆ ಬೇಯಿಸುವುದಿಲ್ಲ. ನೆನೆದ ಹಸಿ ಕಡಲೆಯನ್ನೇ ರುಬ್ಬಿ, ಹಸಿಯಾಗಿಯೇ ಉಂಡೆ ಮಾಡಿ, ಅದು ಮೊದಲ ಸಲ ಬೇಯುವುದು ಎಣ್ಣೆಯಲ್ಲೇ ಆಗಬೇಕು. ಇದನ್ನು ಹೇಳಿದ ಕೂಡಲೇ ಹಸಿ ಕಾಳು ಹೊಟ್ಟೆಗೆ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಅವರ ಮನೆಯಲ್ಲೇ ಹಬ್ಬಕ್ಕೆ ಆಂಬೊಡೆ ಆಗುತ್ತದೆ. ಕಡಲೆಬೇಳೆ ನೆನೆಸಿ, ನೀರನ್ನು ಪೂರ್ತಿ ಬಸಿದು, ಒಂದು ಹನಿಯನ್ನೂ ಸೇರಿಸದೆ ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು ಹೆಚ್ಚಿ ಹಾಕಿ, ಅಂಗೈಯಲ್ಲಿ ತಟ್ಟಿ ಬಾಣಲೆಗೆ ಬಿಡುವ ಕೈಗೆ ಫಲಾಫೆಲ್ ಮಾಡಲು ಕಲಿಯಬೇಕಾದ್ದು ಬಹಳ ಕಡಿಮೆ. ಮೈಸೂರು ಸೀಮೆಯ ಆಂಬೊಡೆಗೂ ಮಂಗಳೂರು, ಉಡುಪಿ ಕಡೆಯ ಚಟ್ಟಂಬಡೆಗೂ ಯಾರೂ ಬೇಳೆ ಬೇಯಿಸುವುದಿಲ್ಲ. ಅದೇ ಕೈಗಳು ಫಲಾಫೆಲ್ ಎಂಬ ಪರದೇಶದ ಹೆಸರು ಕೇಳಿದ ತಕ್ಷಣ ಕುಕ್ಕರಿನತ್ತ ಹೋಗುವುದು ನನಗೆ ನಿಜಕ್ಕೂ ಸೋಜಿಗ.

ಬೇಯಿಸಬಾರದು ಎನ್ನುವುದಕ್ಕೆ ಕಾರಣವಿದೆ. ಕಡಲೆಯೊಳಗೆ ಪಿಷ್ಟ ಸಣ್ಣ ಸಣ್ಣ ಕಣಗಳಾಗಿ ಕೂತಿರುತ್ತದೆ. ನೀರಿನ ಜೊತೆಯಲ್ಲಿ ಶಾಖ ಸುಮಾರು 65ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ಆ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಹಸಿ ಕಡಲೆಯ ಉಂಡೆ ಬಿಸಿ ಎಣ್ಣೆಗೆ ಬಿದ್ದಾಗ ಈ ಅಂಟು ಹುಟ್ಟುವುದು ಉಂಡೆಯ ಒಳಗೇ, ತರಿಗೂ ತರಿಗೂ ನಡುವೆ. ಅಂಚಿನಲ್ಲಿ ಹೊರಬಂದ ಪಿಷ್ಟ ಅಕ್ಕಪಕ್ಕದ ತರಿಗಳನ್ನು ಹಿಡಿದುಕೊಳ್ಳುತ್ತದೆ, ಸುತ್ತಲಿನ ತೇವವನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಹಿಟ್ಟಿನ ಹಂಗಿಲ್ಲದೆ ಉಂಡೆ ನಿಲ್ಲುತ್ತದೆ. ಕುಕ್ಕರಿನಲ್ಲಿ ಬೆಂದ ಕಡಲೆಯಲ್ಲಿ ಈ ಕೆಲಸ ಮೊದಲೇ ಮುಗಿದಿರುತ್ತದೆ. ಅದರ ಪಿಷ್ಟ ಕುಡಿಯುವಷ್ಟು ನೀರು ಕುಡಿದಾಗಿದೆ, ಎಣ್ಣೆಯಲ್ಲಿ ಹೊಸದಾಗಿ ಹಿಡಿಯಲು ಅದಕ್ಕೆ ಶಕ್ತಿ ಉಳಿದಿಲ್ಲ. ಮೇಲಾಗಿ ಒಳಗಿನ ನೀರೆಲ್ಲ ಒಮ್ಮೆಲೇ ಆವಿಯಾಗಿ ಹೊರನುಗ್ಗುವಾಗ ಉಂಡೆಯನ್ನು ಸೀಳಿಕೊಂಡೇ ಹೋಗುತ್ತದೆ. ಡಬ್ಬಿಯಲ್ಲಿ ಬರುವ ಬೇಯಿಸಿದ ಕಡಲೆಯ ಕತೆಯೂ ಇದೇ. ಕಡಲೆಯನ್ನು ನುಣ್ಣಗೆ ಅರೆದು ಮಾಡುವ ಹಮ್ಮಸ್‌ಗೆ ಅದು ಒಳ್ಳೆಯದು, ಫಲಾಫೆಲ್‌ಗೆ ಬೇಡ.

ಫಲಾಫೆಲ್ ಎಲ್ಲಿಯದು ಎಂದು ಕೇಳಿದರೆ ಪಶ್ಚಿಮ ಏಷ್ಯಾದಲ್ಲಿ ಈಗಲೂ ಜಗಳವಾಗುತ್ತದೆ. ಬಹುಪಾಲು ಆಹಾರ ಇತಿಹಾಸಕಾರರು ಬೊಟ್ಟು ಮಾಡುವುದು ಈಜಿಪ್ಟಿನ ಕಡೆಗೆ. ಕೈರೋದಲ್ಲಿ ಅದನ್ನು ತಾಮಿಯಾ ಎನ್ನುತ್ತಾರೆ, ಅಲ್ಲಿ ಅದು ಕಡಲೆಯದ್ದೇ ಅಲ್ಲ. ಫೂಲ್ ಎಂದು ಕರೆಯುವ ಬಾಕಲಾ ಕಾಳಿನ ಸಿಪ್ಪೆ ತೆಗೆದ ಬೇಳೆಯನ್ನು ನೆನೆಸಿ, ಕೊತ್ತಂಬರಿ, ಪಾರ್ಸ್ಲಿ, ಸಬ್ಬಸಿಗೆ, ಈರುಳ್ಳಿ ಜಾತಿಯ ಲೀಕ್ ಎಲ್ಲವನ್ನೂ ಧಾರಾಳವಾಗಿ ಸೇರಿಸಿ ರುಬ್ಬುತ್ತಾರೆ. ಮುರಿದರೆ ಒಳಗೆ ಎಳೆಹಸಿರು, ಮೇಲೆ ಎಳ್ಳು. ಬೆಳಗಿನ ಹೊತ್ತು ರಸ್ತೆ ಬದಿಯ ಗಾಡಿಗಳ ಮುಂದೆ ಕೂಲಿಕಾರರೂ ಗುಮಾಸ್ತರೂ ಒಟ್ಟಿಗೆ ನಿಂತು ತಿನ್ನುವ ತಿಂಡಿ ಅದು. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ವರ್ಷದಲ್ಲಿ 200ಕ್ಕೂ ಹೆಚ್ಚು ದಿನ ಉಪವಾಸದ ನೇಮ ಹಿಡಿಯುತ್ತಾರೆ. ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಅಂಥ ದಿನಗಳಲ್ಲಿ ತಾಮಿಯಾ ಅವರ ಹೊಟ್ಟೆ ತುಂಬಿಸುತ್ತದೆ. 2001ರಲ್ಲಿ ಮ್ಯಾಕ್‌ಡೊನಾಲ್ಡ್ಸ್ ಕಂಪನಿಯೂ ಈಜಿಪ್ಟಿನಲ್ಲಿ ಮ್ಯಾಕ್‌ಫಲಾಫೆಲ್ ಎಂಬುದನ್ನು ಮಾರಲು ಹೊರಟಿತ್ತು ಎಂದರೆ ಅಲ್ಲಿನ ನಾಲಿಗೆಯ ಮೇಲೆ ಅದರ ಹಿಡಿತ ಎಷ್ಟೆಂದು ಊಹಿಸಬಹುದು.

ಅಲ್ಲಿಂದ ಉತ್ತರಕ್ಕೆ ಹೋದರೆ ಕಾಳು ಬದಲಾಗುತ್ತದೆ. ಪ್ಯಾಲೆಸ್ತೀನ್, ಜೋರ್ಡಾನ್, ಸಿರಿಯಾಗಳಲ್ಲಿ ಕಡಲೆಯದೇ ಕಾರುಬಾರು. ಲೆಬನಾನಿನಲ್ಲಿ ಕಡಲೆ ಮತ್ತು ಬಾಕಲಾ ಎರಡನ್ನೂ ಬೆರೆಸುವುದುಂಟು. ಡಮಾಸ್ಕಸ್‌ನ ಅಂಗಡಿಗಳಲ್ಲಿ ನಡುವೆ ತೂತಿಟ್ಟು ಕರಿಯುತ್ತಾರೆ. ಪ್ಯಾಲೆಸ್ತೀನಿನ ಕೆಲವೆಡೆ ಉಂಡೆಯ ಹೊಟ್ಟೆಯಲ್ಲಿ ಈರುಳ್ಳಿ ಮತ್ತು ಹುಳಿಯಾದ ಸುಮಾಕ್ ಪುಡಿಯ ಹೂರಣ ತುಂಬುತ್ತಾರೆ. ಬೈರೂತಿನ ಡಮಾಸ್ಕಸ್ ರಸ್ತೆಯಲ್ಲಿ ಸಹ್ಯೂನ್ ಎಂಬ ಒಂದೇ ಹೆಸರಿನ ಎರಡು ಫಲಾಫೆಲ್ ಅಂಗಡಿಗಳು ಅಕ್ಕಪಕ್ಕದಲ್ಲೇ ಇವೆ. ಅಪ್ಪನ ಅಂಗಡಿ ಅಣ್ಣತಮ್ಮಂದಿರ ನಡುವೆ ಪಾಲಾದದ್ದರ ಫಲ. ಅಮ್ಮಾನ್ ಪೇಟೆಯ ಹಳೆಯ ಹಾಶಿಮ್ ಹೋಟೆಲಿನಲ್ಲಿ ಫಲಾಫೆಲ್, ಹಮ್ಮಸ್, ಫೂಲ್, ಚಹಾ ಇಷ್ಟೇ ಮುಖ್ಯ. ಅಲ್ಲಿಗೆ ಆ ದೇಶದ ರಾಜಮನೆತನದವರೂ ಹೋಗಿ ಕೂತಿದ್ದಾರೆ.

ಇಸ್ರೇಲ್ ಇದನ್ನು ತನ್ನ ರಾಷ್ಟ್ರೀಯ ತಿಂಡಿ ಎಂದು ಮೆರೆಸಿತು, ಅರಬರಿಗೆ ಅದರ ಬಗ್ಗೆ ತೀರದ ನೋವಿದೆ. 2008ರಲ್ಲಿ ಲೆಬನಾನಿನ ಕೈಗಾರಿಕೋದ್ಯಮಿಗಳ ಸಂಘ ಹಮ್ಮಸ್, ಫಲಾಫೆಲ್‌ಗಳ ಹೆಸರಿನ ಮೇಲೆ ಕಾನೂನು ಹೋರಾಟ ಮಾಡುವ ಮಾತೆತ್ತಿತ್ತು. ಈಜಿಪ್ಟ್, ಯೆಮನ್‌ಗಳಿಂದ ವಲಸೆ ಬಂದ ಯಹೂದಿಗಳೂ ತಮ್ಮ ಜೊತೆ ಈ ಅಡುಗೆ ತಂದಿದ್ದಿರಬಹುದು, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಪ್ಯಾಲೆಸ್ತೀನಿನ ಜನ ಮನೆಮಠ ಕಳೆದುಕೊಂಡು ಚದುರಿದ ಮೇಲೆ ಅವರ ಒಲೆಯ ಮೇಲಿದ್ದದ್ದಕ್ಕೆ ಬೇರೆ ಹೆಸರಿನ ಚೀಟಿ ಅಂಟಿಸಿದರೆ ನೋವಾಗುವುದು ಸಹಜ. ಫಲಾಫೆಲ್ ಬಗ್ಗೆ ಬರೆಯುವಾಗ ಕೈರೋ, ನಾಬ್ಲಸ್, ಡಮಾಸ್ಕಸ್‌ಗಳ ಹೆಸರನ್ನು ಮೊದಲು ಹೇಳುವುದು ನ್ಯಾಯ ಎಂದು ನನ್ನ ನಂಬಿಕೆ.

ಇನ್ನು ಅಡುಗೆಮನೆಗೆ ಬರೋಣ. 250 ಗ್ರಾಂ ಕಾಬೂಲ್ ಕಡಲೆ ತೆಗೆದುಕೊಂಡರೆ ನೆನೆದ ಮೇಲೆ ಅದು ಹೆಚ್ಚುಕಡಿಮೆ ಅರ್ಧ ಕೆಜಿ ಆಗುತ್ತದೆ. ನಾಲ್ಕೈದು ಜನರ ಮನೆಗೆ, ಸುಮಾರು 25 ಫಲಾಫೆಲ್‌ಗೆ ಸಾಕು. ಧಾರಾಳ ನೀರಿನಲ್ಲಿ 12 ಗಂಟೆಗೆ ಕಡಿಮೆಯಿಲ್ಲದಂತೆ ನೆನೆಸಿ, 18 ಗಂಟೆಯಾದರೆ ಇನ್ನೂ ಒಳ್ಳೆಯದು. ಕಾಳನ್ನು ಉಗುರಿನಿಂದ ಸೀಳಿ ನೋಡಿ. ನಡುವೆ ಬಿಳಿಯಾಗಿ ಗಟ್ಟಿ ಉಳಿದಿದ್ದರೆ ಇನ್ನೂ ನೆನೆಯಬೇಕು. ಅಂಥ ಕಾಳು ಎಣ್ಣೆಯಲ್ಲಿ ಬೇಯುವುದಿಲ್ಲ, ಹಲ್ಲಿಗೆ ಕಲ್ಲಾಗಿ ಸಿಗುತ್ತದೆ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಹೊರಗಿಟ್ಟ ನೀರು ರಾತ್ರಿ ಕಳೆಯುವುದರೊಳಗೆ ನೊರೆಯೆದ್ದು ಹುಳಿ ನಾರುತ್ತದೆ, ಆದ್ದರಿಂದ ಎರಡು ಸಲ ನೀರು ಬದಲಿಸಬೇಕು, ಇಲ್ಲವೇ ಪಾತ್ರೆಯನ್ನು ಫ್ರಿಜ್‌ನಲ್ಲಿಡಬೇಕು.

ನೆನೆದ ಮೇಲೆ ನೀರು ಬಸಿಯುವುದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ತೂತಿನ ಪಾತ್ರೆಗೆ ಸುರಿದು ಎರಡು ಸಲ ಕುಲುಕಿದರೆ ಸಾಲದು. ಒಣ ಬಟ್ಟೆಯ ಮೇಲೆ ಹರಡಿ, ಮೇಲೊಂದು ಬಟ್ಟೆ ಒತ್ತಿ, ಅರ್ಧ ಗಂಟೆ ಬಿಡಿ. ಕಾಳಿನ ಒಳಗಿನ ನೀರು ಬೇಕು, ಅದೇ ಪಿಷ್ಟವನ್ನು ಬೇಯಿಸುವುದು. ಕಾಳಿನ ಮೈಗೆ ಅಂಟಿದ ನೀರು ಬೇಡ. ಫಲಾಫೆಲ್ ಗರಿಗರಿಯಾಗುವುದೂ ಮೆತ್ತಗಾಗುವುದೂ ಬಹುಪಾಲು ಈ ನೀರಿನ ಲೆಕ್ಕದಲ್ಲೇ ತೀರ್ಮಾನವಾಗುತ್ತದೆ. ಬಾಣಲೆಗೆ ಬಿಡುವ ಮೊದಲೇ ಆಟ ಮುಗಿದಿರುತ್ತದೆ. ಸೊಪ್ಪಿಗೂ ಇದೇ ಮಾತು. ತೊಳೆದ ಕೊತ್ತಂಬರಿಯನ್ನು ಹಾಗೆಯೇ ಹೆಚ್ಚಿ ಹಾಕಿದರೆ ನೀವು ಬಟ್ಟೆಯಲ್ಲಿ ಒತ್ತಿ ತೆಗೆದ ನೀರೆಲ್ಲ ಹಿಂಬಾಗಿಲಿನಿಂದ ಬಂದಂತಾಯಿತು. ಬೆಳಿಗ್ಗೆಯೇ ತೊಳೆದು ಆರಲು ಬಿಡಿ.

ಈರುಳ್ಳಿ ಮಧ್ಯಮ ಗಾತ್ರದ್ದು ಒಂದೇ ಸಾಕು. ಸಣ್ಣಗೆ ಹೆಚ್ಚಿ ಕೈಯಲ್ಲಿ ಹಿಂಡಿ ರಸ ತೆಗೆದುಬಿಡಿ. ಬೆಳ್ಳುಳ್ಳಿ ಐದಾರು ಎಸಳು. ಕೊತ್ತಂಬರಿ ಸೊಪ್ಪು ಎರಡು ದೊಡ್ಡ ಹಿಡಿ, ಪಾರ್ಸ್ಲಿ ಸಿಕ್ಕಿದರೆ ಒಂದು ಹಿಡಿ. ಸಿಗದಿದ್ದರೆ ಅದರ ಜಾಗಕ್ಕೆ ಸಬ್ಬಸಿಗೆ ಹಾಕಿ. ಈಜಿಪ್ಟಿನವರು ಹಾಕುವುದನ್ನು ಆಗಲೇ ಹೇಳಿದೆ, ನಮ್ಮ ವಡೆಗೂ ಅದು ಹೊಸದಲ್ಲ. ಇದರಲ್ಲಿ ಬದಲಿ ಹಾಕಿದೆವೆಂಬ ಅಳುಕೇ ಬೇಡ. ಜೀರಿಗೆ ಒಂದೂವರೆ ಚಮಚ, ಕೊತ್ತಂಬರಿ ಬೀಜ ಒಂದೂವರೆ ಚಮಚ, ಎರಡನ್ನೂ ಬೆಚ್ಚಗೆ ಹುರಿದು ಪುಡಿ ಮಾಡಿ. ಕಾಳುಮೆಣಸಿನ ಪುಡಿ ಅರ್ಧ ಚಮಚ. ಗರಂ ಮಸಾಲೆ, ಶುಂಠಿ, ಇಂಗು, ಕರಿಬೇವು ಬೇಡ. ಅವುಗಳನ್ನು ಹಾಕಿದರೆ ರುಚಿಯಾದ ವಡೆ ಆಗುತ್ತದೆ, ಫಲಾಫೆಲ್ ಆಗುವುದಿಲ್ಲ. ಹಸಿಮೆಣಸು ಒಂದು ಹಾಕಿದರೆ ತಪ್ಪಿಲ್ಲ, ಅಲ್ಲಿಯೂ ಖಾರ ಪ್ರಿಯರು ಹಾಕುತ್ತಾರೆ.

ರುಬ್ಬುವುದರಲ್ಲಿ ಮಿಕ್ಸಿಯನ್ನು ನಂಬಬೇಡಿ, ಅದಕ್ಕೆ ನಿಮ್ಮ ಕಾವಲು ಬೇಕು. ಪಶ್ಚಿಮ ಏಷ್ಯಾದ ಅಂಗಡಿಗಳಲ್ಲಿ ಖೀಮಾ ಮಾಡುವ ಯಂತ್ರದಂಥದ್ದರಲ್ಲಿ ಕಡಲೆ ಹಾಯಿಸುತ್ತಾರೆ, ತರಿ ಒಂದೇ ಸಮ ಬರುತ್ತದೆ. ನಮ್ಮ ಮಿಕ್ಸಿಯಲ್ಲಿ ಕೆಳಗಿನದ್ದು ಪೇಸ್ಟಾಗಿ ಮೇಲಿನದ್ದು ಇಡೀ ಕಾಳಾಗಿಯೇ ಉಳಿಯುತ್ತದೆ. ಕಡಲೆಗೆ ಈರುಳ್ಳಿ, ಬೆಳ್ಳುಳ್ಳಿ, ಸೊಪ್ಪು, ಮಸಾಲೆ ಎಲ್ಲವನ್ನೂ ಸೇರಿಸಿಕೊಂಡು, ದೊಡ್ಡ ಜಾರಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ತುಂಬದೆ, ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ಬಿಟ್ಟು ಬಿಟ್ಟು ಓಡಿಸಿ, ನಡುನಡುವೆ ಚಮಚದಿಂದ ಮೇಲೆ ಕೆಳಗೆ ಮಾಡಿ. ಎಷ್ಟೇ ಹಟ ಮಾಡಿದರೂ ನೀರು ಹಾಕಬೇಡಿ. ಬನ್ಸಿ ರವೆಗಿಂತ ತುಸು ದಪ್ಪ ತರಿ ಬಂದಾಗ ನಿಲ್ಲಿಸಿ. ಹಿಡಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳಿನಿಂದ ತಳ್ಳಿದರೆ ಉದುರಬೇಕು. ಅದೇ ಹದ. ಒರಳುಕಲ್ಲು ಇನ್ನೂ ಉಳಿದಿರುವ ಮನೆಯವರು ಅದೃಷ್ಟವಂತರು, ಇಂಥ ತರಿಯನ್ನು ಅದರಷ್ಟು ಚೆನ್ನಾಗಿ ಯಾವ ಮಿಕ್ಸಿಯೂ ಕೊಡುವುದಿಲ್ಲ. ತೀರಾ ನುಣ್ಣಗಾದರೆ ಒಳಗೆ ಗಾಳಿಯಾಡಲು ಜಾಗವಿಲ್ಲದೆ ಗಟ್ಟಿ ಮುದ್ದೆಯಾಗುತ್ತದೆ, ತೀರಾ ದಪ್ಪವಿದ್ದರೆ ಎಣ್ಣೆಯಲ್ಲಿ ಚದುರುತ್ತದೆ.

ರುಬ್ಬಿದ್ದನ್ನು ಮುಚ್ಚಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಉಪ್ಪನ್ನು ಈಗಲೇ ಹಾಕಬೇಡಿ, ಹಾಕಿದರೆ ಈರುಳ್ಳಿಯೂ ಸೊಪ್ಪೂ ನೀರು ಬಿಡಲು ತೊಡಗುತ್ತವೆ. ಎಣ್ಣೆ ಒಲೆಯ ಮೇಲೆ ಕಾಯುತ್ತಿರುವಾಗ ಒಂದೂಕಾಲು ಚಮಚ ಉಪ್ಪು, ಒಂದು ಚಮಚ ಬೇಕಿಂಗ್ ಪೌಡರ್, ಎರಡು ಚಮಚ ಎಳ್ಳು ಸೇರಿಸಿ ಬೆರಳ ತುದಿಯಿಂದ ಕಲಸಿ. ಬೇಕಿಂಗ್ ಪೌಡರ್ ಒಳಗೆ ಅನಿಲ ಬಿಟ್ಟು ಉಂಡೆಯನ್ನು ಹಗುರ ಮಾಡುತ್ತದೆ. ಬರೀ ಅಡುಗೆ ಸೋಡಾ ಹಾಕುವುದಾದರೆ ಎರಡು ಚಿಟಿಕೆ ದಾಟಬೇಡಿ. ಹೆಚ್ಚಾದರೆ ಬಣ್ಣ ಬೇಗ ಕಪ್ಪಾಗಿ, ಬಾಯಿಗೆ ಸೋಪಿನ ಒಗರು ಬಂದು, ಎಣ್ಣೆ ಕುಡಿಯುತ್ತದೆ. ಬೋಂಡ ಕರಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕಡಲೆ ಹಿಟ್ಟು ಬೇಕೇ ಎಂದರೆ, ಮೊದಲು ಒಂದೇ ಒಂದು ಫಲಾಫೆಲ್ ಕರಿದು ನೋಡಿ. ಅದು ಒಡೆದರೆ ಮಾತ್ರ ಎರಡು ಚಮಚ ಸೇರಿಸಿ. ಮೊದಲೇ ಸುರಿಯುವುದು ಬೇಡ.

ಶಾರ್ಜಾದಲ್ಲಿ ಅಕ್ಕನ ಮನೆಯ ಕೆಳಗೊಂದು ಪುಟ್ಟ ಅಂಗಡಿಯಿತ್ತು. ಜೋರ್ಡಾನಿನಿಂದ ಬಂದ ವಯಸ್ಸಾದವರೊಬ್ಬರು ಬೆಳಿಗ್ಗೆ ಆರಕ್ಕೆಲ್ಲ ಬಾಣಲೆ ಇಡುತ್ತಿದ್ದರು. ಕಟ್ಟಡದ ಕೆಲಸಕ್ಕೆ ಹೋಗುವವರು, ಟ್ಯಾಕ್ಸಿ ಓಡಿಸುವವರು ಎಲ್ಲರೂ ಅಲ್ಲಿ ಸಾಲು ನಿಲ್ಲುತ್ತಿದ್ದರು, ಅವರಲ್ಲಿ ಭಟ್ಕಳದವರೂ ಮಂಗಳೂರಿನವರೂ ಇರುತ್ತಿದ್ದರು. ಅಂಗಡಿಯ ಆ ಹಿರಿಯರ ಕೈಯಲ್ಲಿ ಹಿಡಿಯಿರುವ ಒಂದು ಸಣ್ಣ ಲೋಹದ ಅಚ್ಚು. ಹಿಡಿಯ ಬಳಿಯ ಗುಂಡಿ ಒತ್ತಿದರೆ ಅಚ್ಚಿನ ತಳ ಮೇಲೆದ್ದು ಫಲಾಫೆಲ್ ಎಣ್ಣೆಗೆ ಜಾರುತ್ತಿತ್ತು. ನಾನು ಗಮನವಿಟ್ಟು ನೋಡಿದ್ದು ಅವರ ಬಲಗೈಯ ಚಪ್ಪಟೆ ಕರಂಡಿಯನ್ನು. ಹಿಟ್ಟನ್ನು ಅಚ್ಚಿಗೆ ತುಂಬಿ ಒಂದೇ ಸಲ ಸವರುತ್ತಿದ್ದರು, ಎರಡನೆಯ ಸಲ ಒತ್ತುತ್ತಿರಲಿಲ್ಲ. "ಒತ್ತಿದರೆ ಉಸಿರಾಡುವುದಿಲ್ಲ" ಎಂದು ಅಕ್ಕನಿಗೆ ಹಿಂದಿಯಲ್ಲಿ ಹೇಳಿದರು. ನಾವು ಲಾಡು ಕಟ್ಟುವ ಬಿಗಿಯಲ್ಲಿ ಉಂಡೆ ಕಟ್ಟುತ್ತೇವೆ, ಅದು ಇಲ್ಲಿ ಆಗದು. ಕೈ ಒದ್ದೆ ಮಾಡಿಕೊಂಡು ಹಗುರವಾಗಿ ಉಂಡೆ ಹಿಡಿದು ತುಸು ಚಪ್ಪಟೆ ಮಾಡಿ. ಚಪ್ಪಟೆಯಾದಾಗ ಒಳಗೆ ಬೇಗ ಬೇಯುತ್ತದೆ, ಗರಿಯಾಗುವ ಅಂಚೂ ಹೆಚ್ಚು ಸಿಗುತ್ತದೆ.

ಎಣ್ಣೆ 175 ಡಿಗ್ರಿ ಆಸುಪಾಸಿನಲ್ಲಿರಬೇಕು. ಅಳೆಯುವ ಸಾಧನವಿಲ್ಲದ ಮನೆಯಲ್ಲಿ ಚಿಟಿಕೆ ಹಿಟ್ಟು ಬಿಟ್ಟು ನೋಡಿ. ತಳಕ್ಕೆ ಹೋಗಿ ಎರಡು ಮೂರು ಸೆಕೆಂಡಿನಲ್ಲಿ ಗುಳ್ಳೆಗಳೊಡನೆ ಮೇಲೆ ಬಂದರೆ ಸರಿ. ತಳದಲ್ಲೇ ಕೂತರೆ ಕಾದಿಲ್ಲ, ಬಿದ್ದ ತಕ್ಷಣ ಚಟಪಟನೆ ಕಂದಿದರೆ ಅತಿ ಕಾದಿದೆ. ಅತಿ ಕಾದ ಎಣ್ಣೆಯಲ್ಲಿ ಹೊರಗೆ ಕೆಂಪಾಗಿ ಒಳಗೆ ಹಸಿ ಕಡಲೆಯ ವಾಸನೆ ಉಳಿಯುತ್ತದೆ. ಹೊಟ್ಟೆ ಕೆಡುತ್ತದೆ ಎಂಬ ಭಯಕ್ಕೆ ಆಧಾರವಿರುವುದು ಇಲ್ಲಿ ಮಾತ್ರ, ಸರಿಯಾಗಿ ಬೆಂದರೆ ಭಯವಿಲ್ಲ. ಬಾಣಲೆಯಲ್ಲಿ ಒಮ್ಮೆಗೆ ಐದಾರು ಮೀರದಿರಲಿ. ಹಾಕಿದ ಮೊದಲ ಒಂದು ನಿಮಿಷ ಜಾಲರಿಯಿಂದ ಮುಟ್ಟಬೇಡಿ, ಹೊರಗಿನ ಪದರ ಗಟ್ಟಿಯಾಗಲಿ. ನಾಲ್ಕು ನಿಮಿಷದ ಹೊತ್ತಿಗೆ ಕಡುಕಂದು ಬಣ್ಣ ಬರುತ್ತದೆ. ಹೊಂಬಣ್ಣಕ್ಕೇ ತೆಗೆಯುವುದು ನಮ್ಮ ಅಭ್ಯಾಸ, ಫಲಾಫೆಲ್ ಇನ್ನೂ ಸ್ವಲ್ಪ ಕಾಯಬೇಕು.

ಎಣ್ಣೆಯಲ್ಲಿ ಏಳುವ ಗುಳ್ಳೆಗಳು ಉಂಡೆಯ ತೇವ ಆವಿಯಾಗಿ ಹೊರಬರುತ್ತಿರುವ ಗುರುತು. ಆವಿ ಹೊರಗೆ ತಳ್ಳುತ್ತಿರುವಷ್ಟು ಹೊತ್ತು ಎಣ್ಣೆ ಒಳಗೆ ನುಗ್ಗಲಾರದು. ಗುಳ್ಳೆ ಇಳಿಮುಖವಾಗಿ ಸದ್ದು ತಗ್ಗಿದಾಗ ಅಂಚಿನ ನೀರು ಮುಗಿದು ಗರಿ ಕಟ್ಟಿದೆ ಎಂದರ್ಥ. ಕರಿದ ತಿಂಡಿ ಎಣ್ಣೆ ಎಳೆದುಕೊಳ್ಳುವುದರಲ್ಲಿ ಬಹುಪಾಲು ಬಾಣಲೆಯಿಂದ ತೆಗೆದ ಮೇಲೆ ನಡೆಯುತ್ತದೆ. ತಣ್ಣಗಾಗುತ್ತಾ ಒಳಗಿನ ಆವಿ ಕುಗ್ಗಿದಾಗ ಮೈಮೇಲಿನ ಎಣ್ಣೆ ರಂಧ್ರಗಳೊಳಗೆ ಇಳಿಯುತ್ತದೆ. ಆದ್ದರಿಂದ ತೆಗೆದ ಕೂಡಲೇ ಜಾಲರಿಯನ್ನು ಬಾಣಲೆಯ ಅಂಚಿಗೆ ಕುಟ್ಟಿ ಎಣ್ಣೆ ಇಳಿಸಿ, ತಂತಿಯ ಜಾಲರಿ ತಟ್ಟೆಯ ಮೇಲೆ ಬಿಡಿಬಿಡಿಯಾಗಿ ಇಡಿ. ಹಾಟ್‌ಬಾಕ್ಸಿಗೆ ಹಾಕಿ ಮುಚ್ಚಳ ಮುಚ್ಚಿದರೆ ಐದು ನಿಮಿಷದಲ್ಲಿ ಗರಿ ಹೋಗುತ್ತದೆ. ನೆಂಟರು ಬರುವ ಮೊದಲೇ ಮಾಡಿಟ್ಟುಕೊಳ್ಳುವ ಆಸೆಯನ್ನು ಫಲಾಫೆಲ್ ಮಟ್ಟಿಗೆ ಬಿಟ್ಟುಬಿಡಿ.

ಎಣ್ಣೆ ಬೇಡ ಎನ್ನುವವರು ಕೇಳುವುದು ಏರ್‌ಫ್ರೈಯರ್ ಬಗ್ಗೆ. ಆಗುತ್ತದೆ. ಚಪ್ಪಟೆಯಾಗಿ ತಟ್ಟಿ ಎರಡೂ ಕಡೆ ಎಣ್ಣೆ ಸವರಿ 190 ಡಿಗ್ರಿಯಲ್ಲಿ ಹದಿನೈದು ನಿಮಿಷ ಇಟ್ಟರೆ ಬೇಯುತ್ತದೆ, ಆದರೆ ಒಳಗೆ ಒಣಗುತ್ತದೆ. ನನ್ನ ಮೆಚ್ಚುಗೆ ಪಡ್ಡಿನ ಹಂಚಿಗೆ. ಒಂದೊಂದು ಗುಳಿಗೆ ಒಂದು ಚಮಚ ಎಣ್ಣೆ, ಮಧ್ಯಮ ಉರಿ, ಒಮ್ಮೆ ತಿರುವಿ ಹಾಕಿದರೆ ಎರಡೂ ಮಗ್ಗುಲು ಗರಿಯಾಗುತ್ತವೆ. ಎಣ್ಣೆ ಬಹಳ ಉಳಿಯುತ್ತದೆ, ಒಡೆಯುವ ಭಯವೂ ಇಲ್ಲ. ಮೊದಲ ಸಲ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ.

ನಮ್ಮ ಕಪ್ಪು ಕಡಲೆಯಲ್ಲಿ ಮಾಡಬಹುದೇ ಎಂದು ಗದಗಿನ ಓದುಗರೊಬ್ಬರು ಕೇಳಿದ್ದಾರೆ. ಧಾರವಾಡ, ಗದಗ, ವಿಜಯಪುರದ ಎರೆಭೂಮಿಯಲ್ಲಿ ಹಿಂಗಾರಿಗೆ ಕಡಲೆ ಬೆಳೆಯುವ ಊರುಗಳು ಎಷ್ಟೊಂದಿವೆ, ಅಣ್ಣಿಗೇರಿಯ ಹೆಸರಿನಲ್ಲಿ ಒಂದು ತಳಿಯೇ ಇದೆ. ಖಂಡಿತ ಮಾಡಬಹುದು. ಆದರೆ ದೇಸಿ ಕಡಲೆಯ ಸಿಪ್ಪೆ ದಪ್ಪ, ರುಬ್ಬಿದಾಗ ಒರಟು ಚೂರುಗಳು ಉಳಿಯುತ್ತವೆ, ರುಚಿಯಲ್ಲಿ ಮಣ್ಣಿನ ಕಸುವು ಹೆಚ್ಚು. ಅರ್ಧ ಕಾಬೂಲ್ ಕಡಲೆ, ಅರ್ಧ ಕಡಲೆಬೇಳೆ ಬೆರೆಸಿದರೆ ಒಳ್ಳೆಯ ಗರಿ ಬರುತ್ತದೆ, ಖರ್ಚೂ ಕಡಿಮೆ. ರಾಜ್ಮಾ ಮಾತ್ರ ಯಾವ ಕಾರಣಕ್ಕೂ ಬೇಡ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಅಂಶ ಹೋಗಬೇಕಾದರೆ ನೀರಿನಲ್ಲಿ ಚೆನ್ನಾಗಿ ಕುದಿಯಲೇಬೇಕು. ನಾಲ್ಕು ನಿಮಿಷದ ಕರಿಯುವಿಕೆ ಅದಕ್ಕೆ ಸಾಲದು, ವಾಂತಿ ಭೇದಿ ಗ್ಯಾರಂಟಿ. ಈಜಿಪ್ಟಿನ ರೀತಿಯಲ್ಲಿ ಬಾಕಲಾ ಕಾಳು ತಂದು ಮಾಡುವವರೂ ಒಂದು ವಿಷಯ ತಿಳಿದಿರಲಿ: ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಆ ಕಾಳು ರಕ್ತಕಣಗಳನ್ನು ಒಡೆದು ಅಪಾಯ ತರಬಲ್ಲದು. ಕಡಲೆಗೆ ಆ ದೋಷವಿಲ್ಲ.

ಸಾಸ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿಯೇ. ಪೇಟೆಯಲ್ಲಿ ಫಲಾಫೆಲ್ ಜೊತೆ ಕೊಡುವ ಸಿಹಿ ಮಯೊನೀಸ್ ಆ ಸೊಪ್ಪಿನ ಪರಿಮಳವನ್ನೆಲ್ಲ ಮುಚ್ಚಿಹಾಕುತ್ತದೆ. ಫಲಾಫೆಲ್ ಹುಟ್ಟಿದ ಸೀಮೆಯಲ್ಲಿ ಅದಕ್ಕೆ ಜೊತೆಯಾದದ್ದು ತಹಿನಿ, ಅಂದರೆ ಎಳ್ಳಿನ ನುಣುಪಾದ ಪೇಸ್ಟ್, ಅದಕ್ಕೆ ನಿಂಬೆರಸ, ಬೆಳ್ಳುಳ್ಳಿ, ನೀರು, ಉಪ್ಪು. ಮತ್ತೇನೂ ಇಲ್ಲ. ತಹಿನಿಯ ಬಾಟಲಿ ದುಬಾರಿ ಎಂದು ಹಿಂಜರಿಯಬೇಡಿ. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ತರುತ್ತೇವಲ್ಲ, ಸಿಪ್ಪೆ ತೆಗೆದ ಬಿಳಿ ಎಳ್ಳು, ಅದೇ ಬೇಕು. ಕಪ್ಪೆಳ್ಳು ಮತ್ತು ಸಿಪ್ಪೆಯಿರುವ ಎಳ್ಳು ಕಹಿ. 100 ಗ್ರಾಂ ಎಳ್ಳನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಮಾತ್ರ ಬೆಚ್ಚಗೆ ಮಾಡಿ, ಬಣ್ಣ ತಿರುಗಕೂಡದು. ಪೂರ್ತಿ ಆರಿದ ಮೇಲೆ ಚಟ್ನಿ ಜಾರಿನಲ್ಲಿ ರುಬ್ಬಿ. ಮೊದಲು ಪುಡಿ, ಆಮೇಲೆ ಗಂಟು, ಜಾರಿನ ಬದಿ ಕೆರೆದು ಕೆರೆದು ರುಬ್ಬುತ್ತಾ ಹೋದರೆ ಎಳ್ಳು ತನ್ನದೇ ಎಣ್ಣೆ ಬಿಟ್ಟು ಹರಿಯತೊಡಗುತ್ತದೆ. ಎಳ್ಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಮಿಕ್ಸಿ ಬಿಸಿಯಾದರೆ ನಿಲ್ಲಿಸಿ, ಎರಡು ಚಮಚ ವಾಸನೆಯಿಲ್ಲದ ಎಣ್ಣೆ ಸೇರಿಸಿದರೆ ಕೆಲಸ ಹಗುರ.

ಎರಡು ಎಸಳು ಬೆಳ್ಳುಳ್ಳಿಯನ್ನು ಉಪ್ಪಿನೊಡನೆ ಜಜ್ಜಿ ಎರಡು ನಿಂಬೆಹಣ್ಣಿನ ರಸದಲ್ಲಿ ಹತ್ತು ನಿಮಿಷ ಬಿಡಿ. ಹುಳಿಯಲ್ಲಿ ಬೆಳ್ಳುಳ್ಳಿಯ ಘಾಟು ಹುಟ್ಟಿಸುವ ಕಿಣ್ವ ಕೆಲಸ ನಿಲ್ಲಿಸುತ್ತದೆ, ಪರಿಮಳ ಉಳಿದು ಉರಿ ಹೋಗುತ್ತದೆ. ಈ ರಸವನ್ನು ತಹಿನಿಗೆ ಸೇರಿಸಿ ಕಲಕಿದಾಗ ಬಹಳ ಜನ ಬೆಚ್ಚಿಬೀಳುತ್ತಾರೆ. ತೆಳ್ಳಗಾಗಬೇಕಾದದ್ದು ಇದ್ದಕ್ಕಿದ್ದಂತೆ ಗಟ್ಟಿ ಮುದ್ದೆಯಾಗಿ, ಒಡೆದಂತೆ ಕಾಣುತ್ತದೆ. ಕೆಟ್ಟಿಲ್ಲ. ಎಣ್ಣೆಯಲ್ಲಿ ತೇಲುತ್ತಿದ್ದ ಎಳ್ಳಿನ ಸೂಕ್ಷ್ಮ ಕಣಗಳು ಆ ಸ್ವಲ್ಪ ನೀರನ್ನು ಹೀರಿ ಒಂದಕ್ಕೊಂದು ಅಂಟಿಕೊಂಡಿವೆ. ಇನ್ನೂ ನೀರು ಬೇಕು ಎಂಬುದೇ ಅದರ ಅರ್ಥ. ತಣ್ಣೀರನ್ನು ಎರಡೆರಡು ಚಮಚ ಹಾಕುತ್ತಾ ಬಿಡದೆ ಕಲಕಿ. ಒಂದು ಹಂತದಲ್ಲಿ ಮುದ್ದೆ ಸಡಿಲಗೊಂಡು, ಎಣ್ಣೆ ನೀರಿನಲ್ಲಿ ಹನಿಹನಿಯಾಗಿ ಹರಡಿ, ಕಂದು ಬಣ್ಣ ಹೋಗಿ ಬೆಳ್ಳಗಾಗುತ್ತದೆ. ಉಂಡೆಯಿಂದ ಅಷ್ಟು ಕಷ್ಟಪಟ್ಟು ಓಡಿಸಿದ ನೀರನ್ನು ಇಲ್ಲಿ ಧಾರಾಳವಾಗಿ ಕರೆದುಕೊಳ್ಳಬೇಕು. ದೋಸೆ ಹಿಟ್ಟಿಗಿಂತ ತುಸು ತೆಳ್ಳಗಿದ್ದರೆ ಸರಿ, ಇಟ್ಟಷ್ಟೂ ಗಟ್ಟಿಯಾಗುತ್ತದೆ. ಎಳ್ಳು ಒಗ್ಗದವರು ಕಟ್ಟಿ ನೀರಿಳಿಸಿದ ಮೊಸರಿಗೆ ಬೆಳ್ಳುಳ್ಳಿ, ಪುದೀನ, ಉಪ್ಪು ಸೇರಿಸಿಕೊಳ್ಳಲಿ.

ಇರಾಕಿನಲ್ಲಿ ಫಲಾಫೆಲ್ ಮೇಲೆ ಆಂಬಾ ಎಂಬ ಹಳದಿ ಮಾವಿನಕಾಯಿ ಗೊಜ್ಜು ಸುರಿಯುತ್ತಾರೆ. ಮಾವಿನಕಾಯಿ, ಅರಿಶಿನ, ಮೆಂತ್ಯ, ಉಪ್ಪು. ಮುಂಬಯಿಯಲ್ಲಿ ವ್ಯಾಪಾರ ಮಾಡುತ್ತಿದ್ದ ಬಾಗ್ದಾದಿನ ಯಹೂದಿಗಳ ಮೂಲಕ ಅದು ಅಲ್ಲಿಗೆ ಹೋಯಿತೆಂದು ಹೇಳುತ್ತಾರೆ. ಮನೆಯಲ್ಲಿ ಮೆಂತ್ಯದ ಮಾವಿನಕಾಯಿ ಉಪ್ಪಿನಕಾಯಿ ಇದ್ದರೆ ಅದರ ರಸವನ್ನು ಒಂದು ಚಮಚ ತಹಿನಿಯ ಮೇಲೆ ಬಿಟ್ಟು ನೋಡಿ. ಇದನ್ನು ಕಲಬೆರಕೆ ಎಂದು ಯಾರಾದರೂ ಮೂಗು ಮುರಿದರೆ ಬಾಗ್ದಾದಿನವರ ಹೆಸರು ಹೇಳಿ.

ತಿನ್ನುವಾಗ ಅರಬರ ಖುಬುಸ್ ರೊಟ್ಟಿ ಸಿಕ್ಕಿದರೆ ಖುಬುಸ್, ಇಲ್ಲದಿದ್ದರೆ ತೆಳ್ಳಗಿನ ಚಪಾತಿ. ಸಣ್ಣಗೆ ಹೆಚ್ಚಿದ ಟೊಮೆಟೊ, ಸೌತೆಕಾಯಿ, ಪುದೀನ ಹರಡಿ, ಫಲಾಫೆಲ್ ಇಟ್ಟು ಬೆರಳಿನಿಂದ ಒತ್ತಿ ಒಡೆಯಿರಿ, ಸಾಸ್ ಕೊನೆಯಲ್ಲಿ. ಮಕ್ಕಳ ಡಬ್ಬಿಗೆ ಕಟ್ಟುವುದಾದರೆ ಸಾಸನ್ನು ಬೇರೆ ಪುಟ್ಟ ಡಬ್ಬಿಯಲ್ಲಿಡಿ, ಮಧ್ಯಾಹ್ನದ ಹೊತ್ತಿಗೆ ಗರಿ ಉಳಿಯದು, ರುಚಿ ಉಳಿಯುತ್ತದೆ. ಹಿಟ್ಟು ಮಿಕ್ಕರೆ ಉಪ್ಪು, ಬೇಕಿಂಗ್ ಪೌಡರ್ ಹಾಕದ ಹಿಟ್ಟು ಫ್ರಿಜ್‌ನಲ್ಲಿ ಎರಡು ದಿನ ಇರುತ್ತದೆ. ಅದಕ್ಕಿಂತ ಹೆಚ್ಚು ದಿನಕ್ಕಾದರೆ ಎಲ್ಲ ಸೇರಿಸಿ ಉಂಡೆ ಮಾಡಿ, ತಟ್ಟೆಯಲ್ಲಿ ಬಿಡಿಯಾಗಿ ಫ್ರೀಜರಿನಲ್ಲಿ ಗಟ್ಟಿಯಾಗಲು ಬಿಟ್ಟು, ಆಮೇಲೆ ಚೀಲಕ್ಕೆ ತುಂಬಿ. ಬೇಕಾದಾಗ ಹೊರಗೆ ಕರಗಲು ಬಿಡದೆ ನೇರವಾಗಿ ಎಣ್ಣೆಗೆ ಹಾಕಿ, ಉರಿಯನ್ನು ಮಾತ್ರ ತುಸು ತಗ್ಗಿಸಿ ಎರಡು ನಿಮಿಷ ಹೆಚ್ಚು ಕೊಡಿ.